ಮಂದ ಶ್ರವಣದ ಶುಶ್ರೂಷಾ ವಿದ್ಯಾರ್ಥಿಗಳೂ ಸ್ಟೆತಾಸ್ಕೋಪಿನ ಆಯ್ಕೆಯೂ

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ತನ್ನ ತಂದೆಯವರೊಡನೆ ನಮ್ಮಲ್ಲಿಗೆ ಬಂದಿದ್ದಳು. ಬಾಲ್ಯದಿಂದಲೂ ಆಕೆಗೆ ಕಿವಿ ಮಂದ. ಎರಡಕ್ಕೂ ಶ್ರವಣಯಂತ್ರ ಧರಿಸುತ್ತಾಳೆ. ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ವಾರ್ಡಿನಲ್ಲಿ ಒಬ್ಬ ವೃದ್ಧರ ರಕ್ತದೊತ್ತಡ ನೋಡುವಾಗ ಶಬ್ದವೇ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದು ಹೇಳಲು ಸಂಕೋಚ. ಬೆಳಗಿನ ಪಾಳಿಯವರು ಬರೆದಿದ್ದ ಅಂಕಿಯನ್ನೇ ತುಸು ಹಿಂದುಮುಂದು ಮಾಡಿ ಬರೆದುಬಿಟ್ಟಳು. ಆ ರಾತ್ರಿ ಆಕೆಗೆ ನಿದ್ದೆ ಹತ್ತಲಿಲ್ಲ. ಓದು ಬಿಟ್ಟುಬಿಡಲೇ ಎಂಬುದು ಮಗಳ ಪ್ರಶ್ನೆ. ಹೆಚ್ಚು ಬೆಲೆಯ ಸ್ಟೆತಾಸ್ಕೋಪು ಕೊಡಿಸಿದರೆ ಸರಿಹೋದೀತೇ ಎಂಬುದು ತಂದೆಯವರ ಪ್ರಶ್ನೆ.

ಓದು ಬಿಡಬೇಕಿಲ್ಲ. ಸ್ಟೆತಾಸ್ಕೋಪನ್ನು ಕೂಡಲೇ ಕೊಳ್ಳಲೂ ಬೇಕಿಲ್ಲ. ಎರಡನ್ನೂ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಇದೇ ಕಳವಳದಲ್ಲಿರುವ ಬೇರೆ ಮನೆಗಳೂ ಇರಬಹುದು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಅವರು ಹೃದ್ರೋಗದ ತರುಣಿಯೊಬ್ಬಳ ಎದೆಗೆ ನೇರವಾಗಿ ಕಿವಿಯೊಡ್ಡುವುದು ಉಚಿತವಲ್ಲವೆಂದು ಕಾಗದವನ್ನು ಸುರುಳಿ ಸುತ್ತಿ ಆಲಿಸಿದರು. ಬರಿಗಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಚೆನ್ನಾಗಿ ಕೇಳುವವರಿಗೂ ನೆರವು ಬೇಕಾಗಿಯೇ ಬಳಕೆಗೆ ಬಂದ ಸಾಧನವಿದು. ಇನ್ನಷ್ಟು ನೆರವು ಬೇಕೆನ್ನುವುದರಲ್ಲಿ ನಾಚಿಕೆಪಡುವಂಥದ್ದೇನನ್ನೂ ನಾವು ಕಾಣೆವು.

ಮೊದಲು ನೋಡಬೇಕಾದದ್ದು ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ. ಕಿವಿ ಮಂದವೆಂಬ ಒಂದೇ ಮಾತಿನಲ್ಲಿ ಹಲವು ಬಗೆಗಳಿವೆ. ಅನೇಕರಿಗೆ ಕುಗ್ಗಿರುವುದು ತಾರಸ್ವರಗಳ ಗ್ರಹಿಕೆ. ಮಂದ್ರಸ್ವರಗಳು ತಕ್ಕಮಟ್ಟಿಗೆ ಕೇಳಿಸುತ್ತವೆ. ಹೃದಯದ ಲಬ್-ಡಬ್ ಶಬ್ದದ ಬಹುಭಾಗ 200 ಹರ್ಟ್ಸ್‌ಗಿಂತ ಕೆಳಗಿನ ಮಂದ್ರದಲ್ಲಿದೆ. ರಕ್ತದೊತ್ತಡ ನೋಡುವಾಗ ಕೇಳುವ ಬಡಿತವೂ ಅಂಥದ್ದೇ. ಉಬ್ಬಸದ ಸಿಳ್ಳು, ಶ್ವಾಸಕೋಶದ ಚಿಟಪಟ ಸದ್ದುಗಳು ಅದಕ್ಕಿಂತ ಮೇಲಿನವು. ಆದ್ದರಿಂದ ಒಬ್ಬರಿಗೆ ಹೃದಯ ಸುಲಭ, ಶ್ವಾಸ ಕಷ್ಟ. ಇನ್ನೊಬ್ಬರಿಗೆ ಇದರ ವಿಪರ್ಯಯ. ಸಾಮಾನ್ಯ ಆಡಿಯೋಗ್ರಾಂ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಅಳೆಯುವುದರಿಂದ, ಹೃದಯಶಬ್ದದ ವಲಯ ಅದರಲ್ಲಿ ಪೂರ್ಣವಾಗಿ ಕಾಣುವುದಿಲ್ಲ. ಹೀಗಾಗಿ ನಕ್ಷೆಯೊಂದನ್ನೇ ನಂಬದೆ, ಸಾಧನವನ್ನು ಕಿವಿಗಿಟ್ಟು ಪರೀಕ್ಷಿಸಲೇಬೇಕು.

ನಷ್ಟ ಅಲ್ಪವಾಗಿದ್ದರೆ ಉತ್ತಮ ದರ್ಜೆಯ ಸಾಮಾನ್ಯ ಸ್ಟೆತಾಸ್ಕೋಪೇ ಸಾಕಾಗಬಹುದು. ಅದರ ಇಯರ್‌ಟಿಪ್ಪುಗಳು ಕಿವಿಯನ್ನು ಬಿಗಿಯಾಗಿ ಮುಚ್ಚಬೇಕು, ಮೂಗಿನ ಕಡೆಗೆ ಬಾಗಿರಬೇಕು. ಶಬ್ದ ಕೇಳದಿರುವುದಕ್ಕೆ ಇವೆರಡರ ದೋಷವೇ ಕಾರಣವಾಗಿದ್ದುದನ್ನು ನಾವು ಹಲವು ಸಲ ಕಂಡಿದ್ದೇವೆ. ಬೆಲ್ ಭಾಗ ಮಂದ್ರಕ್ಕೆ, ಡಯಾಫ್ರಂ ತಾರಕ್ಕೆ ಎಂಬುದನ್ನೂ ಮರೆಯಬಾರದು.

ಶ್ರವಣಯಂತ್ರ ಧರಿಸುವವರ ತೊಡಕು ಬೇರೆ. ಯಂತ್ರ ಕಿವಿಯಲ್ಲಿದ್ದರೆ ಇಯರ್‌ಟಿಪ್ ಕೂರದು. ಪ್ರತಿ ರೋಗಿಗೂ ತೆಗೆದು ಹಾಕುತ್ತಿದ್ದರೆ ಸೋಂಕಿನ ಭಯ, ಕಳೆದುಹೋಗುವ ಭಯ, ಜೊತೆಗೆ ಆ ಹೊತ್ತಿನಲ್ಲಿ ರೋಗಿ ಆಡಿದ ಮಾತೂ ಕೇಳದು. ಇಂಥವರಿಗೆ ಶಬ್ದವನ್ನು ಹಿಗ್ಗಿಸುವ ಎಲೆಕ್ಟ್ರಾನಿಕ್ ಸ್ಟೆತಾಸ್ಕೋಪುಗಳಿವೆ. ಕೆಲವಕ್ಕೆ ಇಯರ್‌ಟಿಪ್ಪಿನ ಬದಲು ಹೆಡ್‌ಫೋನ್ ಜೋಡಿಸಬಹುದು. ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನನ್ನು ಶ್ರವಣಯಂತ್ರದ ಮೇಲೆಯೇ ಧರಿಸಬಹುದು. ಕೆಲವು ಬ್ಲೂಟೂತ್ ಮೂಲಕ ಶಬ್ದವನ್ನು ಶ್ರವಣಯಂತ್ರಕ್ಕೇ ಕಳುಹಿಸುತ್ತವೆ. ಇನ್ನು ಕೆಲವು ಹೃದಯಶಬ್ದದ ಅಲೆಯನ್ನು ಮೊಬೈಲಿನ ಪರದೆಯ ಮೇಲೆ ಮೂಡಿಸುತ್ತವೆ. ಕಣ್ಣು ಕಿವಿಗೆ ಆಸರೆಯಾಗುತ್ತದೆ.

ಬ್ಲೂಟೂತ್ ಎಂದೊಡನೆ ಹಣ ಕೊಟ್ಟು ತರುವವರಿಗೆ ಇಲ್ಲೊಂದು ಎಚ್ಚರಿಕೆಯ ಮಾತಿದೆ. ಶ್ರವಣಯಂತ್ರ ರೂಪುಗೊಂಡಿರುವುದು ಮಾತಿಗಾಗಿ. ಹೃದಯಶಬ್ದವಿರುವ ಮಂದ್ರವನ್ನು ಅನೇಕ ಯಂತ್ರಗಳು ಹೆಚ್ಚು ಹಿಗ್ಗಿಸುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚದ, ರಂಧ್ರಗಳುಳ್ಳ ಮೃದು ಬಿರಡೆಯಿದ್ದರಂತೂ ಮಂದ್ರಸ್ವರ ಹೊರಗೇ ಸೋರಿಹೋಗುತ್ತದೆ. ಶ್ರವಣತಜ್ಞರು ಯಂತ್ರದಲ್ಲಿ ಸ್ಟೆತಾಸ್ಕೋಪಿಗೆಂದೇ ಪ್ರತ್ಯೇಕ ಹೊಂದಾಣಿಕೆ ಮಾಡಿಕೊಡಬಲ್ಲರು, ಅಗತ್ಯವಿದ್ದರೆ ಕಿವಿಯ ಅಚ್ಚು ತೆಗೆದು ಬೇರೆ ಬಿರಡೆ ಮಾಡಿಸಬಲ್ಲರು. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಅವರಲ್ಲಿಗೆ ಹೋಗಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆ, ಸಲಹೆಗಳು ದೊರೆಯುತ್ತವೆ. ಕೊಳ್ಳುವಾಗ, ಹೊಂದದಿದ್ದರೆ ಹಿಂದಕ್ಕೆ ಪಡೆಯುವರೇ ಎಂದು ಕೇಳಿ, ಬರೆಸಿಕೊಳ್ಳುವುದು ಲೇಸು. ಈ ಸಾಧನಗಳ ಬೆಲೆ ಸಾಮಾನ್ಯದ್ದಕ್ಕಿಂತ ಹಲವು ಪಟ್ಟು. ಸಾಲ ಮಾಡಿ ತಂದು ಪೆಟ್ಟಿಗೆಯಲ್ಲಿಡುವಂತಾಗಬಾರದು.

ರಕ್ತದೊತ್ತಡದ ಮಾತಿಗೆ ಮರಳೋಣ. 1905ರಲ್ಲಿ ರಷ್ಯದ ಕೊರಾಟ್ಕಾಫ್ ಅವರು ತಿಳಿಸಿದ ಶಬ್ದವಿಧಾನವನ್ನೇ ಇಂದಿಗೂ ಕಲಿಸುತ್ತಾರೆ. ಶ್ರವಣ ಮಂದವಿರುವವರು ಮೊದಲು ಮಣಿಕಟ್ಟಿನ ನಾಡಿ ಹಿಡಿದು, ಕಫ್ ಉಬ್ಬಿಸುತ್ತ, ನಾಡಿ ಅಡಗಿದ ಅಂಕಿಯನ್ನು ಗುರುತಿಸಿಕೊಳ್ಳಬೇಕು. ಮೇಲಿನ ಒತ್ತಡ ಸುಮಾರು ಎಲ್ಲಿದೆಯೆಂದು ಬೆರಳೇ ಹೇಳುತ್ತದೆ. ಕಿವಿ ಎಲ್ಲಿ ಎಚ್ಚರದಿಂದಿರಬೇಕೆಂದು ಗೊತ್ತಾಗುತ್ತದೆ. ಕೆಳಗಿನ ಒತ್ತಡ ಮಾತ್ರ ಹೀಗೆ ಸಿಗದು. ಶಬ್ದವನ್ನು ಅವಲಂಬಿಸದೆ ಕಫ್‌ನ ಕಂಪನದಿಂದ ಎರಡನ್ನೂ ಅಳೆಯುವ ಸ್ವಯಂಚಾಲಿತ ಯಂತ್ರಗಳೂ ಉಂಟು. ಹೃದಯಬಡಿತ ತಾಳ ತಪ್ಪಿದವರಲ್ಲಿ ಅವನ್ನು ಪೂರ್ತಿ ನೆಚ್ಚುವಂತಿಲ್ಲ. ಏನೂ ತಿಳಿಯದಿದ್ದಾಗ ಬರೆಯಬೇಕಾದದ್ದು ಅಂಕಿಯನ್ನಲ್ಲ. "ನನಗೆ ಕೇಳಿಸಲಿಲ್ಲ, ತಾವೊಮ್ಮೆ ನೋಡಿ" ಎಂದು ಹಿರಿಯ ಸಿಸ್ಟರಿಗೆ ಹೇಳಬೇಕು. ಊಹೆಯ ಅಂಕಿಯನ್ನು ನೋಡಿ ವೈದ್ಯರು ಮಾತ್ರೆ ಹೆಚ್ಚಿಸಿಯಾರು, ಇಲ್ಲವೆ ನಿಲ್ಲಿಸಿಯಾರು; ಅದನ್ನು ನುಂಗುವವರು ಮಂಚದ ಮೇಲಿರುವವರು.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅಂಥ ವಿದ್ಯಾರ್ಥಿಗೆ ಅಗತ್ಯವಾದ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಗುರು-ಶಿಷ್ಯರು ಒಂದೇ ಎದೆಯನ್ನು ಏಕಕಾಲಕ್ಕೆ ಆಲಿಸಬಹುದಾದ ಜೋಡಿ ಸ್ಟೆತಾಸ್ಕೋಪನ್ನು ಬಳಸಿ ಕಲಿಸುವಂತೆ ಕೇಳಿಕೊಳ್ಳಲು ವಿದ್ಯಾರ್ಥಿನಿ ಹಿಂಜರಿಯಬೇಕಿಲ್ಲ. ತನಗೆ ಕೇಳಿಸಿದ್ದು, ಗುರುಗಳಿಗೆ ಕೇಳಿಸಿದ್ದು ಒಂದೇ ಹೌದೋ ಅಲ್ಲವೋ ಎಂಬುದು ಅಲ್ಲಿಯೇ ತಿಳಿದುಬಿಡುತ್ತದೆ.

ನಮ್ಮಲ್ಲಿಗೆ ಬಂದಿದ್ದ ವಿದ್ಯಾರ್ಥಿನಿ ಮರುದಿನವೇ ವಾರ್ಡಿನ ಸಿಸ್ಟರಿಗೆ ಆ ಅಂಕಿಯ ವಿಷಯ ತಿಳಿಸಿದಳು. ಅವರು ಗದರಿದರಂತೆ, ಆಮೇಲೆ ವೃದ್ಧರ ಬಳಿಗೆ ಜೊತೆಯಲ್ಲೇ ಕರೆದೊಯ್ದು ಮತ್ತೊಮ್ಮೆ ಅಳೆಯಿಸಿದರಂತೆ. ಶ್ರವಣತಜ್ಞರಲ್ಲಿ ಎರಡು ಬಗೆಯ ಸ್ಟೆತಾಸ್ಕೋಪುಗಳನ್ನು ಧರಿಸಿ ನೋಡಿದ್ದಾಳೆ. ಹೆಡ್‌ಫೋನಿನದರಲ್ಲಿ ತಂದೆಯವರ ಹೃದಯ ಸ್ಪಷ್ಟವಾಗಿ ಕೇಳಿಸಿತೆಂದಳು. ಇನ್ನೂ ಕೊಂಡಿಲ್ಲ, ಶ್ವಾಸದ ಶಬ್ದಗಳನ್ನು ಪರೀಕ್ಷಿಸುವುದು ಬಾಕಿಯಿದೆ.