ಫೋಂಡಾದ ಸುತ್ತ ಪರ್ಷಿಯನ್ ಮನೆಮಾತಿನ ಹಳ್ಳಿ ಇದೆಯೇ?

ಪ್ರಶ್ನೆ: ಗೋವೆಯ ನಮ್ಮ ಫೋಂಡಾದಲ್ಲಿ ಆದಿಲಶಾಹಿ ಕಾಲದ ಮಸೀದಿ ಇದೆ. ಇಲ್ಲಾಗಲಿ, ಪಕ್ಕದ ಕರ್ನಾಟಕದಲ್ಲಾಗಲಿ ಜನ ಪರ್ಷಿಯನ್ ಮಾತನಾಡುವ ಸಣ್ಣ ಹಳ್ಳಿ ಉಳಿದಿದೆಯೇ? ಎಲ್ಲಿದೆ, ಜನಸಂಖ್ಯೆ ಎಷ್ಟು?

ಉತ್ತರ: ಫೋಂಡಾ ತಾಲ್ಲೂಕಿನಲ್ಲಿ ಅಂಥ ಹಳ್ಳಿ ಇಲ್ಲ. ಅಲ್ಲಿನ ಹಳ್ಳಿಗಳ ಮಾತು ಕೊಂಕಣಿ, ಜೊತೆಗೆ ಮರಾಠಿ. ಆದರೆ ನಿಮ್ಮ ಅನುಮಾನಕ್ಕೆ ಬುಡವಿದೆ. 1560ರ ಸಫಾ ಮಸೀದಿಯನ್ನೇ ನೋಡಿ: ಎತ್ತರದ ಜಗಲಿಯ ಮೇಲೆ ಒಂದೇ ಕೋಣೆ, ಸುತ್ತ ತುಂಡಾಗಿ ನಿಂತ ಎಂಟು ಮೂಲೆಯ ಕಂಬಗಳು, ಪಕ್ಕದಲ್ಲಿ ಮೆಟ್ಟಿಲಿಳಿದ ಕೆರೆ. ಕಲ್ಲು ಮಾತ್ರ ಅಲ್ಲಿಯದೇ ಕೆಂಪು ಮುರಕಲ್ಲು.

ಈ ಮಸೀದಿಯನ್ನು ಕಟ್ಟಿಸಿದ ವಿಜಯಪುರದ ದರ್ಬಾರಿನಲ್ಲಿ ಪರ್ಷಿಯನ್ ಮೆರೆಯುತ್ತಿತ್ತು. ಅದಕ್ಕೂ ಮೊದಲು, 1472ರಲ್ಲಿ, ಬಹಮನಿಗಳ ಪರವಾಗಿ ಗೋವೆಯನ್ನು ಗೆದ್ದ ಮಹಮೂದ್ ಗವಾನ್ ಇರಾನಿನ ಗಿಲಾನ್ ಸೀಮೆಯವನು. ಹೀಗೆ ಬಂದವರು ದಂಡಿನವರು, ವ್ಯಾಪಾರಿಗಳು, ವಿದ್ವಾಂಸರು. ನೆಲೆ ನಿಂತದ್ದು ರಾಜಧಾನಿಗಳಲ್ಲಿ, ಬಂದರುಗಳಲ್ಲಿ. ನೇಗಿಲು ಹಿಡಿದು ಹಳ್ಳಿ ಕಟ್ಟಲು ಅವರು ಬಂದವರಲ್ಲ. 1534ರಿಂದ 1558ರವರೆಗೆ ಆಳಿದ ಒಂದನೇ ಇಬ್ರಾಹಿಂ ಆದಿಲಶಾಹ ಕಂದಾಯದ ಲೆಕ್ಕವನ್ನೂ ಪರ್ಷಿಯನ್‌ನಿಂದ ದೇಶಭಾಷೆಗೆ ತಿರುಗಿಸಿದ. ಮಗ ಅಲಿ ಪರ್ಷಿಯನ್ನರನ್ನು ಮತ್ತೆ ಹತ್ತಿರ ಕರೆದರೂ ಊರ ಕುಲಕರ್ಣಿಯ ಕಡತ ತನ್ನ ಪಾಡಿಗೆ ತಾನು ದೇಶಭಾಷೆಯಲ್ಲೇ ಸಾಗಿತು. ಕನ್ನಡಕ್ಕೆ ಜಮೀನು, ದಫ್ತರ, ಬಂದೋಬಸ್ತು ಎಂಬ ಪದಗಳು ಉಳಿದವು. ಮಾತನಾಡುವ ಊರು ಉಳಿಯಲಿಲ್ಲ.

ಇಂಥ ಪ್ರಶ್ನೆ ಬಂದಾಗಲೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಹೆಸರು ಕೇಳಿಬರುತ್ತದೆ. 20 ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಶಿಯಾ ಮುಸ್ಲಿಮರು. ಹರಳು ಕಲ್ಲಿನ ವ್ಯಾಪಾರ ಅಲ್ಲಿ ದೊಡ್ಡದು. ಮೊಹರಂ ಬಂದರೆ ಊರಿಗೆ ಊರೇ ಕಪ್ಪು ಬಟ್ಟೆ ಉಡುತ್ತದೆ. ಅಲಿ ಖಮೇನಿ ಇರಾನಿನ ಸರ್ವೋಚ್ಚ ನಾಯಕರಾಗುವ ಮೊದಲೇ ಇಲ್ಲಿಗೆ ಬಂದುಹೋಗಿದ್ದರು. ಆದರೂ ಇದನ್ನು ಪರ್ಷಿಯನ್ ಹಳ್ಳಿ ಎನ್ನುವುದು ತಪ್ಪು. ಮನೆಮಾತು ಉರ್ದು. ಪರ್ಷಿಯನ್ ಅಲ್ಲಿ ಧರ್ಮಶಾಸ್ತ್ರ ಓದುವವರು ಕಲಿತು ಬರುವ ವಿದ್ಯೆ.

ನಿಮಗೆ ಹತ್ತಿರದಲ್ಲಿ ಪರ್ಷಿಯನ್ ಇರುವುದು ಧಾರವಾಡದಲ್ಲಿ. ಮೊಲೆಂ ದಾಟಿ, ಅನಮೋಡ ಘಟ್ಟ ಹತ್ತಿ, ಅಳ್ನಾವರದ ಮೇಲೆ ಹೋದರೆ ಸಿಗುವ ಆ ನಗರದಲ್ಲಿ ಇರಾನಿ ಕುಟುಂಬಗಳ ವಸತಿಯಿದೆ. ಬೀದರಿನಲ್ಲಿ ಇರಾನಿ ಗಲ್ಲಿ ಎಂದೇ ಒಂದು ಕೇರಿಯಿದೆ. ಹಿಂದೆ ಊರೂರು ತಿರುಗಿ ಕನ್ನಡಕ, ಚಾಕು, ಹರಳು ಮಾರುತ್ತಿದ್ದ ಜನ ಇವರು. ಹೊರಗೆ ಹಿಂದಿ, ಉರ್ದು, ಕನ್ನಡ. ಮನೆಯೊಳಗೆ ಪರ್ಷಿಯನ್‌ನ ಹಳೆಯದೊಂದು ಬಗೆ. ಪತ್ರಿಕೆಗಳು ಈ ಜನರನ್ನು ಪೊಲೀಸ್ ಸುದ್ದಿಯ ಪುಟದಲ್ಲಷ್ಟೇ ನೆನೆಯುವುದು ಅನ್ಯಾಯ. ಅಜ್ಜಿಯರ ಬಾಯಲ್ಲಿರುವ ಆ ಮಾತನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಹೋಗಿ ಧ್ವನಿಮುದ್ರಿಸಿಕೊಳ್ಳಬೇಕು.

ಧಾರವಾಡ, ಬೀದರಿನ ಈ ಇರಾನಿ ವಸತಿಗಳು ನಗರದೊಳಗಿನ ಕೇರಿಗಳು, ಕಂದಾಯ ಗ್ರಾಮಗಳಲ್ಲ. ಆದ್ದರಿಂದ ಜನಗಣತಿಯ ಗ್ರಾಮಪಟ್ಟಿಯಲ್ಲಿ ಇವುಗಳ ಸಂಖ್ಯೆ ಹುಡುಕಬೇಡಿ.