ಮರದ ತೂಕ ಎಲ್ಲಿಂದ ಬಂತು?

ಹತ್ತನೇ ತರಗತಿಗೆ ಬರುವ ಹೊತ್ತಿಗೆ ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠವಾಗಿರುತ್ತದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತಾರೆ. ಅದೇ ಮಕ್ಕಳನ್ನು ಶಾಲೆಯ ಅಂಗಳದ ಹೊಂಗೆ ಮರದ ಹತ್ತಿರ ಕರೆದೊಯ್ದು, ‘ಇಷ್ಟು ದಪ್ಪ ಕಾಂಡ ಆಯ್ತಲ್ಲ, ಈ ತೂಕವೆಲ್ಲ ಎಲ್ಲಿಂದ ಬಂತು?’ ಎಂದು ಕೇಳಿ ನೋಡಿ. ಹೆಚ್ಚಿನವರು ಹೇಳುವುದು, ‘ಮಣ್ಣಿಂದ ಮಿಸ್’. ಸಮೀಕರಣ ನೋಟ್‌ಬುಕ್ಕಿನಲ್ಲಿ ಉಳಿದಿದೆ, ಮರ ಅಂಗಳದಲ್ಲಿ ನಿಂತಿದೆ, ಒಂದಕ್ಕೊಂದು ನಂಟೇ ಇಲ್ಲ. ಈ ನಂಟು ಬೆಸೆಯಲು ವಿಜ್ಞಾನ ಶಿಕ್ಷಕಿಯಾಗಿ ನಾನು ನೆಚ್ಚಿಕೊಂಡಿರುವುದು ಒಂದು ಹಳೆಯ ಪ್ರಯೋಗದ ಕಥೆಯನ್ನು.

ಯಾನ್ ಬ್ಯಾಪ್ಟಿಸ್ಟಾ ವಾನ್ ಹೆಲ್ಮಾಂಟ್ ಬ್ರಸೆಲ್ಸ್ ಕಡೆಯ ವೈದ್ಯ. ಅವರು ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು, ಎಂದರೆ ಸುಮಾರು 90 ಕಿಲೋ, ದೊಡ್ಡದೊಂದು ಕುಂಡಕ್ಕೆ ತುಂಬಿದರು. ಅದರಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟರು. ಮಳೆನೀರು, ಬೇಕಾದಾಗ ಬಟ್ಟಿ ಇಳಿಸಿದ ನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಗಾಳಿಗೆ ಹಾರಿಬಂದ ದೂಳು ಒಳಗೆ ಬೀಳದಿರಲೆಂದು ಕುಂಡದ ಬಾಯಿಗೆ ತೂತುಗಳಿರುವ ತಗಡು ಮುಚ್ಚಿದರು. ಐದು ವರ್ಷ ಕಳೆದ ಮೇಲೆ ಗಿಡ ಕಿತ್ತು ತೂಗಿದರು. ಮಣ್ಣನ್ನೂ ಮತ್ತೆ ಒಣಗಿಸಿ ತೂಗಿದರು.

ಕಥೆ ಹೇಳುವುದನ್ನು ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಗಿಡ ಎಷ್ಟು ತೂಗಿತು, ಮಣ್ಣು ಎಷ್ಟು ಕಡಿಮೆಯಾಯಿತು ಎಂದು ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಬರೆದಿಡಬೇಕು. ಬರೆಯದೆ ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನವರ ಉತ್ತರವೇ ಎಲ್ಲರ ಉತ್ತರವಾಗಿಬಿಡುತ್ತದೆ. ತಗಡು ಯಾಕೆ ಮುಚ್ಚಿದರು ಎಂಬ ಚರ್ಚೆಯೂ ಆಗಲೇ ನಡೆಯುತ್ತದೆ. ‘ನಿಯಂತ್ರಿತ ಪ್ರಯೋಗ’ ಎಂದು ವ್ಯಾಖ್ಯಾನ ಬರೆಸುವುದಕ್ಕಿಂತ ಆ ತೂತಿನ ತಗಡೇ ಚೆನ್ನಾಗಿ ಪಾಠ ಮಾಡುತ್ತದೆ.

ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ: ಗಿಡ 169 ಪೌಂಡ್, ಮೇಲೆ ಸುಮಾರು 3 ಔನ್ಸ್. ಮಣ್ಣಿನಲ್ಲಿ ಕಡಿಮೆಯಾದದ್ದು ಬರೀ 2 ಔನ್ಸ್, ಒಂದು ಹಿಡಿ ಮಣ್ಣಿನಷ್ಟೂ ಇಲ್ಲ. ಮಕ್ಕಳ ಅಂದಾಜು ತಲೆಕೆಳಗಾಗುವುದು ಆಗ. ಹಾಗಾದರೆ ನೀರೇ ಮರವಾಯಿತು ಎಂದು ಯಾರಾದರೂ ಹೇಳುತ್ತಾರೆ. ವಾನ್ ಹೆಲ್ಮಾಂಟ್ ಕೂಡ ಹಾಗೆಯೇ ತೀರ್ಮಾನಿಸಿದ್ದರು.

ಕಬ್ಬು, ಭತ್ತ ಬೆಳೆಯುವ ಮನೆಗಳ ಮಕ್ಕಳು ಅಷ್ಟಕ್ಕೆ ಬಿಡುವುದಿಲ್ಲ. ‘ಮಣ್ಣಿಂದ ಏನೂ ಬರಲ್ಲ ಅಂದ್ರೆ ನಮ್ಮಪ್ಪ ಯೂರಿಯಾ ಯಾಕ್ ಹಾಕ್ತಾರೆ ಮಿಸ್?’ ಎಂದು ಒಬ್ಬ ಹುಡುಗಿ ಎದ್ದುನಿಂತು ಕೇಳಿದ್ದು ನನಗೆ ಇವತ್ತಿಗೂ ಖುಷಿ ಕೊಡುವ ನೆನಪು. ವಾನ್ ಹೆಲ್ಮಾಂಟ್ ಲೆಕ್ಕಕ್ಕಿಲ್ಲ ಎಂದು ಬಿಟ್ಟ ಆ 2 ಔನ್ಸಿನ ಮೇಲೆಯೇ ಅವಳು ಕೈಯಿಟ್ಟಿದ್ದಳು. ಸಾರಜನಕ, ರಂಜಕ, ಪೊಟ್ಯಾಶ್ ಬೇಕಾಗುವುದು ಸ್ವಲ್ಪವೇ, ಆದರೆ ಅವಿಲ್ಲದೆ ಬೆಳೆಯಿಲ್ಲ. ರಸಗೊಬ್ಬರದ ಪಾಠ ಅವತ್ತು ಅವಳ ಪ್ರಶ್ನೆಯಿಂದಲೇ ಆಯಿತು.

ಈ ಕಥೆಯಲ್ಲಿ ನನ್ನನ್ನು ತುಂಬ ಕಾಡುವ ಭಾಗ ಬೇರೆಯೇ ಇದೆ. ಇದೇ ವಾನ್ ಹೆಲ್ಮಾಂಟ್ 62 ಪೌಂಡ್ ಇದ್ದಿಲು ಸುಟ್ಟರೆ 1 ಪೌಂಡ್ ಬೂದಿ ಮಾತ್ರ ಉಳಿಯುವುದನ್ನು ಗಮನಿಸಿದ್ದರು. ಉಳಿದದ್ದೆಲ್ಲ ಕಣ್ಣಿಗೆ ಕಾಣದ ಅನಿಲವಾಗಿ ಹೋಯಿತು ಎಂದೂ ಬರೆದರು. ‘ಗ್ಯಾಸ್’ ಎಂಬ ಹೆಸರು ಕೊಟ್ಟವರೇ ಅವರು. ಮರ ಸುಟ್ಟರೆ ಅನಿಲವಾಗುತ್ತದೆ ಎಂದು ತಿಳಿದವರಿಗೆ ಅನಿಲದಿಂದಲೇ ಮರ ಆಗುತ್ತದೆ ಎಂದು ಹೊಳೆಯಲಿಲ್ಲ. ಮಕ್ಕಳ ಮುಂದೆ ಇದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಅವರು ಅಳತೆಯಲ್ಲಿ ತಪ್ಪಿರಲಿಲ್ಲ. ಕುಂಡದ ಸುತ್ತ ಇದ್ದ ಗಾಳಿ ತೂಕದ ಲೆಕ್ಕಕ್ಕೆ ಬರುವ ವಸ್ತು ಎಂದು ಆ ಕಾಲದಲ್ಲಿ ಯೋಚಿಸುವುದು ಬಹಳ ಕಷ್ಟವಿತ್ತು. ತಪ್ಪು ಉತ್ತರ ಕೊಟ್ಟ ದೊಡ್ಡವರೊಬ್ಬರು ತರಗತಿಯಲ್ಲಿ ಇದ್ದಾಗ ಸಂಕೋಚದ ಮಕ್ಕಳೂ ಬಾಯಿ ಬಿಡುತ್ತಾರೆ. ನನ್ನ ಅನುಭವದಲ್ಲಿ ಕಥೆಯಿಂದ ಸಿಕ್ಕ ದೊಡ್ಡ ಲಾಭ ಅದು.

ಅವರ ಬರಹಗಳು ಅಚ್ಚಾದದ್ದು ತೀರಿಕೊಂಡ ಮೇಲೆ, 1648ರಲ್ಲಿ. ಮುಂದಿನ ಹೆಜ್ಜೆಗೆ ನೂರು ವರ್ಷದ ಮೇಲೆ ಹಿಡಿಯಿತು. 1771ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ನಂದಿಹೋದ ಗಾಳಿಯಲ್ಲಿ ಪುದೀನದ ಒಂದು ಕುಡಿ ಇಟ್ಟರು. ಹತ್ತು ದಿನ ಬಿಟ್ಟು ನೋಡಿದರೆ ಅದೇ ಗಾಳಿಯಲ್ಲಿ ಮೇಣದಬತ್ತಿ ಮತ್ತೆ ಉರಿಯಿತು. ಆದರೆ ಈ ಪ್ರಯೋಗ ಎಲ್ಲರಿಗೂ, ಯಾವಾಗಲೂ ಸರಿಹೋಗುತ್ತಿರಲಿಲ್ಲ. ಯಾಕೆ? ಇಲ್ಲಿಯೂ ಕಥೆ ನಿಲ್ಲಿಸಿ ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗುತ್ತೇನೆ.

ಕೆರೆಯಿಂದ ತಂದ ಹೈಡ್ರಿಲ್ಲಾ ಗಿಡದ ಒಂದು ಕಡ್ಡಿ, ಗಾಜಿನ ಬಾಟಲಿ, ನೀರು, ಚಿಟಿಕೆ ಅಡುಗೆ ಸೋಡಾ. ಕತ್ತರಿಸಿದ ತುದಿ ಮೇಲಕ್ಕಿರಬೇಕು. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗುತ್ತವೆ. ಒಬ್ಬರು ಗಡಿಯಾರ ಹಿಡಿದು ನಿಮಿಷಕ್ಕೆಷ್ಟು ಎಂದು ಎಣಿಸುತ್ತಾರೆ, ಇನ್ನೊಬ್ಬರು ಬಾಟಲಿಗೆ ಕೊಡೆ ಅಡ್ಡ ಹಿಡಿಯುತ್ತಾರೆ. ಗುಳ್ಳೆ ನಿಧಾನವಾಗುತ್ತದೆ. ಕೊಡೆ ತೆಗೆದರೆ ಮತ್ತೆ ಚುರುಕು. ‘ಬೆಳಕು ಮಿಸ್, ಬೆಳಕು!’ ಎಂದು ಅವರೇ ಕೂಗಿದ ಮೇಲೆ ಯಾನ್ ಇಂಗೆನ್‌ಹೌಸ್ ಅವರ ಹೆಸರು ಹೇಳುತ್ತೇನೆ. ಆಸ್ಟ್ರಿಯಾದ ಅರಮನೆಯಲ್ಲಿ ವೈದ್ಯರಾಗಿದ್ದ ಈ ಡಚ್ಚರು 1779ರ ಬೇಸಿಗೆಯಲ್ಲಿ ಲಂಡನ್ ಸಮೀಪ ಮನೆ ಹಿಡಿದು 500ಕ್ಕೂ ಹೆಚ್ಚು ಪ್ರಯೋಗ ಮಾಡಿದರು. ಕೆಲಸ ಮಾಡುವುದು ಬೆಳಕು, ಬಿಸಿಯಲ್ಲ, ಅದೂ ಹಸಿರು ಭಾಗಗಳಲ್ಲಿ ಮಾತ್ರ ಎಂದು ತೋರಿಸಿದರು. 1804ರಲ್ಲಿ ಜಿನೀವಾದ ನಿಕೊಲಾ ಥಿಯೊಡೋರ್ ದ ಸೊಸ್ಯೂರ್ ತಕ್ಕಡಿ ಹಿಡಿದು ಲೆಕ್ಕ ಹಾಕಿದಾಗ, ಗಾಳಿಯ ಇಂಗಾಲದ ಜೊತೆಗೆ ನೀರೂ ಗಿಡದ ಮೈಗೆ ಸೇರುತ್ತದೆ ಎಂದು ಗೊತ್ತಾಯಿತು. ವಾನ್ ಹೆಲ್ಮಾಂಟ್ ಹೇಳಿದ್ದರಲ್ಲಿ ಒಂದು ಪಾಲು ನಿಜವೇ ಆಗಿತ್ತು.

ನ್ಯೂಟನ್ ತಲೆಯ ಮೇಲೆ ಸೇಬು ಬಿತ್ತು ಎನ್ನುವಂಥ ಕಥೆಗಳನ್ನು ನಾನು ತರಗತಿಗೆ ತರುವುದಿಲ್ಲ. ತಲೆಯ ಮೇಲೆ ಬಿತ್ತು ಎನ್ನುವುದಕ್ಕೆ ಆಧಾರವಿಲ್ಲ, ಅದು ಒಂದು ಕಾರಣ. ಅದಕ್ಕಿಂತ ಹೆಚ್ಚಾಗಿ, ಆ ಕಥೆಯಲ್ಲಿ ಮಕ್ಕಳಿಗೆ ಮಾಡಲು ಏನೂ ಕೆಲಸವಿಲ್ಲ. ಮಹಾನುಭಾವರಿಗೆ ಹೊಳೆಯಿತು, ನಾವು ಕೈಮುಗಿದೆವು, ಮುಗಿಯಿತು. ತೂಗಲು, ಎಣಿಸಲು, ಊಹಿಸಲು ಎಡೆಯಿರುವ ಕಥೆ ಬೇಕು.

ಹೀಗೆ ಕಥೆ ಹೇಳುತ್ತ ಕೂತರೆ ಪೋರ್ಷನ್ ಮುಗಿಯುವುದು ಯಾವಾಗ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಪಾಠಕ್ಕೂ ಇದು ಆಗುವುದಿಲ್ಲ. ಮಕ್ಕಳ ಮನಸ್ಸಿನಲ್ಲಿ ಮೊದಲೇ ಗಟ್ಟಿಯಾದ ತಪ್ಪು ತಿಳಿವಳಿಕೆ ಇರುವ ಕಡೆ ಮಾತ್ರ ನಾನು ಕಥೆಗೆ ಪೀರಿಯಡ್ ಕೊಡುತ್ತೇನೆ. ವಿದ್ಯುತ್ ಮಂಡಲದ ಲೆಕ್ಕಗಳಿಗೆ ಲೆಕ್ಕ ಬಿಡಿಸುವುದೇ ದಾರಿ.

ಇಂಗೆನ್‌ಹೌಸ್ ಕಂಡ ಇನ್ನೊಂದು ಸಂಗತಿಯನ್ನು ಕೊನೆಗೆ ಉಳಿಸಿಕೊಂಡಿರುತ್ತೇನೆ: ಕತ್ತಲಲ್ಲಿ ಗಿಡಗಳೂ ಗಾಳಿಯನ್ನು ಕೆಡಿಸುತ್ತವೆ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬೇಡ ಎಂದು ಅಜ್ಜಿ ಹೇಳುವುದು ಅದಕ್ಕೇ ಇರಬೇಕು ಎಂದು ಹಿಂದಿನ ಬೆಂಚಿನಿಂದ ಮಾತು ಬರುತ್ತದೆ. ಹೌದೆಂದು ತಲೆಯಾಡಿಸಿದರೆ ಸುಲಭ. ನಾನು ‘ಎಷ್ಟು ಕೆಡಿಸುತ್ತವೆ?’ ಎಂದು ಕೇಳುತ್ತೇನೆ. ಬಯಲಿನಲ್ಲಿ ಗಾಳಿ ಒಂದೆಡೆ ನಿಲ್ಲುವುದಿಲ್ಲ. ಇನ್ನು ಮನೆಯೊಳಗೆ ಬಾಗಿಲು ಹಾಕಿಕೊಂಡು ನಾಲ್ಕು ಜನ ಮಲಗುವ ಕೋಣೆಯಲ್ಲಿ ಗಾಳಿ ಕೆಡಿಸುವವರು ಯಾರು? ಗಿಡವಿಲ್ಲದ ಆ ಕೋಣೆಯಿಂದ ಉಸಿರಾಟದ ಪಾಠ ಶುರುವಾಗುತ್ತದೆ.