ಗಿಡದಲ್ಲೇ ಹಣ್ಣಾದ ಟೊಮೆಟೊ: ಮಂಡಿಗೆ ಆಗದ್ದು ಸಾರಿಗೆ ಆಗುತ್ತೆ

ಟೊಮೆಟೊ ಬೆಳೆಯೋ ಮನೆಗಳಲ್ಲೇ ಒಂದು ವಿಚಿತ್ರ ನೋಡಬಹುದು. ತೋಟದ ತುಂಬ ಹಣ್ಣಿರುತ್ತೆ, ಆದರೆ ಸಾರಿಗೆ ಬೀಳೋದು ಗ್ರೇಡಿಂಗ್‌ನಲ್ಲಿ ಉಳಿದ ಅರೆಗಾಯಿ. ಪೂರ್ತಿ ಕೆಂಪಾದದ್ದು ಗಿಡದ ಬುಡದಲ್ಲೇ ಉದುರಿ ಕೊಳೆಯುತ್ತೆ.

ಕಾರಣ ನಿಮಗೆ ಗೊತ್ತಿರೋದೇ. ಕೋಲಾರದ ಎಪಿಎಂಸಿಯಿಂದ ಹೊರರಾಜ್ಯಕ್ಕೆ ಲಾರಿ ಹತ್ತೋ ಹಣ್ಣು ದಾರಿಯಲ್ಲಿ ನಜ್ಜಾಗಬಾರದು. ಹಾಗಾಗಿ ಬಣ್ಣ ತಿರುಗೋ ಹೊತ್ತಿಗೇ ಬಿಡಿಸ್ತೀವಿ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಬಿರುಕು ಬಿಟ್ಟ ಹಣ್ಣಿಗೂ ಬೆಲೆ ಇತ್ತು. ಬಿಡಿಸೋ ಕೂಲಿಯೂ ಹುಟ್ಟದ ದಿನಗಳನ್ನೂ ನೋಡಿದ್ದೀವಿ. ಅಂಥ ಒಂದು ಹಂಗಾಮಿನಲ್ಲಿ ಕೊನೆಯ ಎರಡು ಕೊಯ್ಲು ಹಾಗೇ ಬಿಟ್ಟುಬಿಟ್ಟೆ. ಅದೇ ವಾರ ಅಂಗಡಿಯಿಂದ ಟೊಮೆಟೊ ಸಾಸ್ ಬಾಟಲಿ ತಂದಿಟ್ಟಿದ್ದೆ! ಅಮ್ಮ ಬಾಟಲಿ ನೋಡಿದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಬುಟ್ಟಿ ತಗೊಂಡು ತೋಟಕ್ಕೆ ಹೋದರು. ತೋಟಗಾರಿಕೆ ಓದಿದ ನನಗೆ ಹಣ್ಣನ್ನು ಅಡುಗೆಗೆ ಹೇಗೆ ಬಳಸಬೇಕು ಅನ್ನೋ ಪಾಠ ಶುರುವಾದದ್ದು ಅವತ್ತು.

ಮೊದಲು ಹಣ್ಣಿನ ಒಳಗೆ ಏನಾಗುತ್ತೆ ನೋಡೋಣ. ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರು. ರುಚಿಯೆಲ್ಲ ಉಳಿದ ಆರು ಪಾಲಿನಲ್ಲಿದೆ. ಹಣ್ಣಾಗ್ತಾ ಸಕ್ಕರೆ ಏರುತ್ತೆ, ಹುಳಿ ತಗ್ಗುತ್ತೆ, ಗ್ಲುಟಮೇಟ್ ಹೆಚ್ಚುತ್ತೆ. ಬೇಳೆ ಕಡಿಮೆ ಹಾಕಿದರೂ ಸಾರು ಗಟ್ಟಿ ರುಚಿ ಕೊಡೋದು ಈ ಗ್ಲುಟಮೇಟ್‌ನಿಂದ. ಇದು ಸಿಪ್ಪೆ ಕೆಳಗಿನ ತಿರುಳಿಗಿಂತ ಬೀಜದ ಸುತ್ತ ಇರೋ ಲೋಳೆಯಲ್ಲಿ ಜಾಸ್ತಿ. ಆದ್ದರಿಂದ ವಿಡಿಯೋಗಳಲ್ಲಿ ತೋರಿಸೋ ಹಾಗೆ ಬೀಜ ಹಿಂಡಿ ಬಿಸಾಡಬೇಡಿ.

ಹಣ್ಣನ್ನು ಫ್ರಿಜ್‌ಗೆ ಇಡಬೇಡಿ, ಚಳಿಗೆ ಪರಿಮಳ ಹೋಗುತ್ತೆ. ನೆರಳಲ್ಲಿ ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದರ ಮೇಲೊಂದು ಹೇರದೆ ಇಟ್ಟರೆ ಎರಡು ಮೂರು ದಿನ ಇರುತ್ತೆ. ಕಡು ಬೇಸಿಗೆಯಲ್ಲಿ 30 ಡಿಗ್ರಿ ಮೇಲೆ ಕೆಂಪು ಬಣ್ಣ ಸರಿಯಾಗಿ ಕೂಡೋದಿಲ್ಲ, ಹಣ್ಣು ಹಳದಿಗೆಂಪಾಗೇ ಉಳಿಯುತ್ತೆ. ಆಗ ಬಣ್ಣ ನೋಡಬೇಡಿ, ಒತ್ತಿ ನೋಡಿ, ಮೂಸಿ ನೋಡಿ. ಬಿರುಕು ಬಿಟ್ಟದ್ದನ್ನು ಅವತ್ತೇ ಬೇಯಿಸಿ. ಬೂಸ್ಟು ಕಂಡರೆ ಆ ಜಾಗ ಮಾತ್ರ ಕೊಯ್ದು ತೆಗೆದರೆ ಸಾಲದು, ಇಡೀ ಹಣ್ಣು ತಿಪ್ಪೆಗೆ. ಇನ್ನು ಔಷಧಿ ಹೊಡೆಯೋರು ಗಮನಿಸಿ: ಡಬ್ಬಿ ಮೇಲೆ ಬರೆದಷ್ಟು ದಿನ ಕಾಯೋ ನಿಯಮ ಮನೆಯ ಸಾರಿಗೂ ಅನ್ವಯ. ಹತ್ತು ಗಿಡ ಮನೆಗೆ ಅಂತಲೇ ಬೇರೆ ಬಿಟ್ಟುಕೊಂಡರೆ ತಲೆನೋವೇ ಇಲ್ಲ.

ಯಾವ ಹಣ್ಣು ಯಾವುದಕ್ಕೆ? ನಾಟಿ ಟೊಮೆಟೊ ಹುಳಿ, ರಸ ಜಾಸ್ತಿ, ಸಿಪ್ಪೆ ತೆಳು. ಸಾರಿಗೆ, ಗೊಜ್ಜಿಗೆ ಅದೇ ಸರಿ. ಹೆಸರಘಟ್ಟದ ಐಐಎಚ್‌ಆರ್‌ನ ಅರ್ಕಾ ರಕ್ಷಕ್‌ನಂಥ ಹೈಬ್ರಿಡ್‌ಗಳು ಗಟ್ಟಿ, ತಿರುಳು ದಪ್ಪ. ತೊಕ್ಕಿಗೆ ಬೇಗ ಗಟ್ಟಿಯಾಗುತ್ತೆ. ಹೈಬ್ರಿಡ್‌ನಿಂದ ಸಾರು ಮಾಡೋದಾದರೆ ಚೂರು ಹುಣಸೆಹಣ್ಣು ಸೇರಿಸಿ.

ಸಾರಿನಲ್ಲಿ ಬಹಳ ಜನ ತಪ್ಪೋದು ಒಂದೇ ಕಡೆ: ಬೇಳೆ, ಟೊಮೆಟೊ ಎರಡನ್ನೂ ಒಟ್ಟಿಗೆ ಕುಕ್ಕರ್‌ಗೆ ಹಾಕ್ತಾರೆ. ಹುಳಿಗೆ ಬೇಳೆ ಬೇಯೋದು ನಿಧಾನ. ಹಳೇ ಬೇಳೆಯಾದರೆ ಎಷ್ಟು ವಿಷಲ್ ಆದರೂ ಕಾಳು ಕಾಳಾಗೇ ಉಳಿಯುತ್ತೆ. ಅರ್ಧ ಲೋಟ ತೊಗರಿಬೇಳೆಯನ್ನು ಅರಿಸಿನ, ಒಂದು ತೊಟ್ಟು ಎಣ್ಣೆ ಹಾಕಿ ಬೇರೆ ಬೇಯಿಸಿ. ಐದಾರು ನಾಟಿ ಹಣ್ಣನ್ನು ಪಾತ್ರೆಯಲ್ಲೇ ಕೈಯಿಂದ ಕಿವುಚಿ, ಉಪ್ಪು, ಕರಿಬೇವು ಹಾಕಿ ಹತ್ತು ನಿಮಿಷ ಕುದಿಸಿ. ಹಸಿ ವಾಸನೆ ಹೋದ ಮೇಲೆ ಎರಡು ಚಮಚ ಸಾರಿನಪುಡಿ, ಆಮೇಲೆ ಬೇಳೆ ಕಟ್ಟು. ಬೇಳೆ ಬಿದ್ದ ಮೇಲೆ ಒಂದು ಕುದಿ ಸಾಕು. ತುಪ್ಪದಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಹುಳಿಗೆ ಬಿಟ್ಟುಕೊಳ್ಳುತ್ತೆ, ರುಚಿಯೂ ಕೆಡುತ್ತೆ.

ಮುದ್ದೆಗೆ ನನ್ನ ಆಯ್ಕೆ ಸುಟ್ಟ ಟೊಮೆಟೊ ಗೊಜ್ಜು. ನಾಲ್ಕು ಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕೆಂಡದ ಮೇಲೆ ಸಿಪ್ಪೆ ಕಪ್ಪಾಗೋವರೆಗೆ ಸುಡಿ. ಗ್ಯಾಸ್ ಉರಿಯಾದರೂ ನಡೆಯುತ್ತೆ, ಹೊಗೆ ವಾಸನೆ ಕಡಿಮೆ ಅಷ್ಟೇ. ಮೆಣಸಿನಕಾಯಿಗೆ ಮೊದಲು ಚುಚ್ಚಿಡಿ, ಇಲ್ಲದಿದ್ದರೆ ಮುಖಕ್ಕೇ ಸಿಡಿಯುತ್ತೆ. ಸಿಪ್ಪೆ ತೆಗೆದು ಬೆಳ್ಳುಳ್ಳಿ, ಉಪ್ಪು, ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪಿನ ಜೊತೆ ಒರಳಲ್ಲಿ ಜಜ್ಜಿ. ಮಿಕ್ಸಿಗೆ ಹಾಕಿದರೆ ನೀರಾಗಿಬಿಡುತ್ತೆ. ಟೊಮೆಟೊ ಬಾತ್ ಎಲ್ಲರಿಗೂ ಗೊತ್ತು, ಹೇಳೋದು ಒಂದೇ ಮಾತು: ಹಣ್ಣೂ ನೀರು ಬಿಡುತ್ತೆ, ಅಳತೆ ನೀರಲ್ಲಿ ಅಷ್ಟು ಕಡಿಮೆ ಮಾಡಿ.

ಬುಟ್ಟಿಗಟ್ಟಲೆ ಹಣ್ಣಿದ್ದರೆ ತೊಕ್ಕು. ನನ್ನ ಮೊದಲ ತೊಕ್ಕು ಎಂಟೇ ದಿನಕ್ಕೆ ಬೂಸ್ಟು ಹಿಡಿದು ಆರು ಕೆಜಿ ಹಣ್ಣು ದಂಡವಾಯ್ತು. ಗಟ್ಟಿಯಾಗಿ ಕಂಡಿದ್ದೇ ಒಲೆ ಆರಿಸಿದ್ದೆ, ಒಳಗೆ ಇನ್ನೂ ನೀರಿತ್ತು. ಸರಿಯಾದ ಗುರುತು ಎಣ್ಣೆ. ಎರಡು ಕೆಜಿ ಹಣ್ಣು ಹೆಚ್ಚಿ, ನಿಂಬೆಗಾತ್ರದ ಹುಣಸೆಹಣ್ಣು ಹಾಕಿ, ಅಗಲ ಬಾಣಲೆಯಲ್ಲಿ ಮುಚ್ಚಳ ಇಲ್ಲದೆ ಬೇಯಿಸಿ ಆರಿಸಿ ರುಬ್ಬಿ. ಒಂದು ಲೋಟ ಎಳ್ಳೆಣ್ಣೆ ಕಾಯಿಸಿ ಸಾಸಿವೆ, ಇಂಗು, ಬೆಳ್ಳುಳ್ಳಿ ಹಾಕಿ, ರುಬ್ಬಿದ್ದನ್ನು ಸುರಿದು ಸಣ್ಣ ಉರಿಯಲ್ಲಿ ತಿರುವ್ತಾ ಇರಿ. ಸಿಡಿಯುತ್ತೆ, ಉದ್ದ ಸೌಟು ಹಿಡೀರಿ. ಎಣ್ಣೆ ಅಂಚಿಗೆ ಬಂದು ನಿಂತು, ಸೌಟಲ್ಲಿ ಗೀರು ಎಳೆದರೆ ದಾರಿ ಮುಚ್ಚದೆ ಹಾಗೇ ಇರಬೇಕು. ಅಲ್ಲಿವರೆಗೆ ಒಲೆ ಆರಿಸಬೇಡಿ. ಕೊನೆಗೆ ಖಾರದಪುಡಿ, ಉಪ್ಪು, ಹುರಿದ ಮೆಂತ್ಯದ ಪುಡಿ ಒಂದು ಚಮಚ. ಉಪ್ಪನ್ನು ಮೊದಲೇ ಹಾಕಿದರೆ ಬತ್ತಿದ ಮೇಲೆ ಉಪ್ಪುಪ್ಪಾಗುತ್ತೆ.

ಗಾಜಿನ ಬಾಟಲಿಯನ್ನು ಕುದಿಸಿ ಪೂರ್ತಿ ಒಣಗಿಸಿ ತುಂಬಿ, ಮೇಲೆ ಎಣ್ಣೆ ನಿಲ್ಲಲಿ, ಒಣ ಚಮಚವನ್ನೇ ಹಾಕಿ. ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ವಾರದಲ್ಲಿ ಮುಗಿಸಿ. ಸಂತೆಯಲ್ಲಿ ಮಾರೋ ಯೋಚನೆ ಬಂದರೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆಮೇಲೆ ಲೇಬಲ್ ಅಚ್ಚು ಹಾಕಿಸಿ.